ನಾಚಿಕೆಯ ಮರೆಯಲ್ಲಿ ನಡೆಯುವ ವಿಮೆಯ ವಂಚನೆ

ನಿನ್ನೆ ಮೊನ್ನೆಯವರೆಗೆ ಕೆ.ಆರ್. ನಗರದ ಒಂದು ಹೋಬಳಿಯಾಗಿದ್ದ ಸಾಲಿಗ್ರಾಮವು ಇಂದು ಮೈಸೂರು ಜಿಲ್ಲೆಯ ತಾಲೂಕು ಕೇಂದ್ರ. ಕಚೇರಿಗಳು ಬರುವುದಕ್ಕೆ ಮುಂಚೆಯೇ ಊರಿಗೆ ಬಂದು ನೆಲೆಸಿದ್ದು ಕಿರುಸಾಲದ ಸಂಸ್ಥೆಗಳು. ಸಾಲಿಗ್ರಾಮವೆಂದಲ್ಲ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಲ್ಲೆಡೆಯೂ ಇದೇ ದೃಶ್ಯ. ವಾರದ ನಿಗದಿತ ದಿನ ಮೊಹಲ್ಲಾದ ಯಾವುದೋ ಒಂದು ಮನೆಯ ಜಗಲಿಯಲ್ಲಿ ಹತ್ತಿಪ್ಪತ್ತು ಮಹಿಳೆಯರು ಸೇರುತ್ತಾರೆ. ಕಂತಿನ ಹಣ ಎಣಿಕೆಯಾಗುತ್ತದೆ, ಕಾರ್ಡಿನಲ್ಲಿ ಗುರುತು ಬೀಳುತ್ತದೆ, ಸಭೆ ಮುಗಿಯುತ್ತದೆ. ಆ ಕಾರ್ಡಿನಲ್ಲಿ ಏನು ಬರೆದಿದೆ ಎಂದು ಓದಿದವರು ಎಷ್ಟು ಮಂದಿ?

ಐವತ್ತು ಸಾವಿರ ರೂಪಾಯಿಯ ಸಾಲ ಮಂಜೂರಾಯಿತು ಎಂದು ಭಾವಿಸೋಣ. ಕೈಗೆ ಬಂದದ್ದು ನಲವತ್ತೇಳೂವರೆ ಸಾವಿರ. ಉಳಿದುದೆಲ್ಲಿ ಎಂದು ಕೇಳಿದರೆ, 'ಅದು ಕಂಪೆನಿಯ ಖರ್ಚು, ಎಲ್ಲರಿಗೂ ಹಿಡಿಯುತ್ತೇವೆ' ಎಂಬ ಉತ್ತರ. ಆ ಎರಡೂವರೆ ಸಾವಿರದಲ್ಲಿ ಒಂದು ಪಾಲು ಸಾಲ ಭದ್ರತೆಯ ವಿಮೆಯ ಪ್ರೀಮಿಯಂ. ಸಾಲಗಾರರು ಮರಣ ಹೊಂದಿದರೆ ಬಾಕಿ ಸಾಲವನ್ನು ವಿಮಾ ಕಂಪೆನಿಯೇ ತೀರಿಸುತ್ತದೆ ಎಂಬುದು ಅದರ ಒಪ್ಪಂದ. ಆದರೆ ವಿಮೆ ಬೇಕೇ ಎಂದು ಯಾರೂ ಆಕೆಯನ್ನು ಕೇಳಲಿಲ್ಲ. ಯಾವ ಕಂಪೆನಿ, ಎಷ್ಟು ಮೊತ್ತ, ಎಷ್ಟು ಅವಧಿ, ಗಂಡನಿಗೋ ತನಗೋ ಎಂಬುದನ್ನು ಹೇಳಲಿಲ್ಲ. ಹತ್ತಾರು ಕಡೆ ಹೆಬ್ಬೆಟ್ಟು ಅಥವಾ ಸಹಿ ಹಾಕಿಸಿಕೊಂಡರು. ಈಗ ಅದೂ ಇಲ್ಲ, ಮೊಬೈಲಿಗೆ ಬಂದ ಸಂಖ್ಯೆಯೊಂದನ್ನು ಹೇಳಿದರೆ ಒಪ್ಪಿಗೆಯಾಯಿತು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಕೈಗೆ ಬಾರದ ಆ ಹಣಕ್ಕೂ ಆಕೆ ಸಾಲದ ಅವಧಿಯುದ್ದಕ್ಕೂ ಬಡ್ಡಿ ತೆರುತ್ತಾಳೆ.

ವಂಚನೆಯ ಇನ್ನೊಂದು ಮುಖ ಇದಕ್ಕಿಂತ ಕ್ರೂರವಾದುದು. ವಿಮೆ ಇದೆಯೆಂಬುದೇ ಮನೆಯವರಿಗೆ ತಿಳಿದಿಲ್ಲದಿದ್ದರೆ, ಸಾಲಗಾರ ತೀರಿಕೊಂಡ ಮೇಲೆ ಪರಿಹಾರ ಕೇಳುವವರು ಯಾರು? ಇದ್ದತ್ತಿನಲ್ಲಿ ಕುಳಿತ ವಿಧವೆಯು, ವಿಮೆಯಿಂದ ತೀರಬೇಕಾಗಿದ್ದ ಸಾಲದ ಕಂತಿಗಾಗಿ ಕಿವಿಯ ಓಲೆ ಮಾರುವ ಪರಿಸ್ಥಿತಿ ಬರುತ್ತದೆ. ಪ್ರೀಮಿಯಂ ಕಡಿದುಕೊಳ್ಳುವಾಗ ನೆನಪಿದ್ದ ವಿಮೆಯು ಪರಿಹಾರ ಕೊಡುವಾಗ ಮರೆತುಹೋಗುವುದಾದರೆ ಅದನ್ನು ಭದ್ರತೆ ಎನ್ನಲು ಸಾಧ್ಯವೇ?

ಇದು ನಮ್ಮ ದೇಶದ ಬಡವರಿಗೆ ಮಾತ್ರ ಒದಗಿದ ಗತಿಯಲ್ಲ. ಬ್ರಿಟನ್ನಿನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ವರ್ಷಾನುಗಟ್ಟಲೆ ಇದೇ ಬಗೆಯ ವಿಮೆಯನ್ನು ಸಾಲದೊಂದಿಗೆ ಜೋಡಿಸಿ ಮಾರಿದವು. ಉದ್ಯೋಗ ಹೋದರೆ ಕಂತು ಕಟ್ಟುವ ವಿಮೆಯನ್ನು, ಅದರ ಪರಿಹಾರ ಎಂದಿಗೂ ಸಿಗಲಾರದ ಸ್ವಂತ ಉದ್ಯೋಗಿಗಳಿಗೂ ಮಾರಿದ್ದವು. ಜನರು ದೂರು ಕೊಡತೊಡಗಿದಾಗ ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋದವು; 2011ರಲ್ಲಿ ಸೋತವು. 2014ರಲ್ಲಿ ಒಬ್ಬ ಮಹಿಳೆಯ ಮೊಕದ್ದಮೆಯಲ್ಲಿ, ಆಕೆ ತೆತ್ತ ಪ್ರೀಮಿಯಂನ ಶೇ. 71.8 ಭಾಗ ಮಧ್ಯವರ್ತಿಗಳ ಕಮಿಷನ್ ಆಗಿತ್ತೆಂಬುದನ್ನು ಅಲ್ಲಿನ ಸುಪ್ರೀಮ್ ಕೋರ್ಟು ಗಮನಿಸಿ, ಅದನ್ನು ಮುಚ್ಚಿಟ್ಟದ್ದು ಅನ್ಯಾಯವೆಂದು ತೀರ್ಪಿತ್ತಿತು. ದೂರು ಸಲ್ಲಿಸಲು 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಬ್ಯಾಂಕುಗಳು ಜನರಿಗೆ ಹಿಂದಿರುಗಿಸಿದ ಹಣ 3,800 ಕೋಟಿ ಪೌಂಡುಗಳನ್ನು ಮೀರಿತು. ಅಷ್ಟೂ ಹಣವನ್ನು ಬ್ಯಾಂಕುಗಳ ಬಾಯಿಂದ ಹೊರತೆಗೆದದ್ದು ಯಾವ ಕ್ರಾಂತಿಯೂ ಅಲ್ಲ. ಲಕ್ಷಾಂತರ ಸಾಮಾನ್ಯ ಜನರು ಬರೆದ ಒಂದೆರಡು ಪುಟಗಳ ದೂರುಗಳು.

ನಮ್ಮಲ್ಲಿ ಅಂತಹ ದೂರುಗಳೇಕೆ ಹುಟ್ಟುವುದಿಲ್ಲ? ಅಜ್ಞಾನ ಒಂದು ಕಾರಣ, ಸಾಲ ಮತ್ತೆ ಸಿಗಲಾರದೆಂಬ ಭಯ ಇನ್ನೊಂದು. ಆದರೆ ಮುಸ್ಲಿಮ್ ಕುಟುಂಬಗಳಲ್ಲಿ ಮೂರನೆಯ ಕಾರಣವೊಂದಿದೆ. ಅದನ್ನು ನಾವು ಮುಚ್ಚಿಡಬಾರದು. ಅದು ನಾಚಿಕೆ. ಬಡ್ಡಿ ಹರಾಮ್ ಎಂಬುದು ನಮ್ಮ ಮಗುವಿಗೂ ಗೊತ್ತು. ಬಡ್ಡಿಯ ಸಾಲ ತೆಗೆದ ಹೆಣ್ಣುಮಗಳು ಅದನ್ನು ತವರಿನಿಂದ, ಜಮಾಅತ್‌ನಿಂದ, ಕೆಲವೊಮ್ಮೆ ಗಂಡನಿಂದಲೂ ಮರೆಮಾಚುತ್ತಾಳೆ. ಮೋಸ ಹೋದಾಗ ಯಾರ ಬಳಿ ಹೇಳಿಕೊಂಡಾಳು? 'ತೆಗೆದದ್ದೇ ತಪ್ಪು, ಈಗ ಅನುಭವಿಸು' ಎಂಬ ಮಾತು ಆಕೆಗಾಗಿ ಸಿದ್ಧವಾಗಿದೆ. ಹೀಗೆ ನಮ್ಮ ಧಾರ್ಮಿಕ ಸಂಕೋಚವೇ ವಂಚಕನಿಗೆ ರಕ್ಷಾಕವಚವಾಗಿದೆ.

ಇದು ದೀನ್ ಕಲಿಸಿದ ನಡೆಯೇ? ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವ ವಿಷಯದ ಕುರಿತಾದುದು ಎಂದು ಸ್ವಲ್ಪ ಯೋಚಿಸಬೇಕು. ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಲ ಪಡೆಯುವವನೇ ಹೇಳಿ ಬರೆಸಬೇಕು, ಹೇಳಿ ಬರೆಸಲು ಶಕ್ತನಲ್ಲದಿದ್ದರೆ ಅವನ ಹೊಣೆಗಾರನು ಬರೆಸಬೇಕು, ಸಾಕ್ಷಿಗಳಿರಬೇಕು, ಸಾಲ ಸಣ್ಣದೆಂದು ಬರೆಯಲು ಬೇಸರಪಡಬಾರದು. ಓದು ಬಾರದವಳ ಬೆರಳು ಹಿಡಿದು, ಆಕೆಗೆ ತಿಳಿಯದ ಕರಾರಿಗೆ ಒತ್ತಿಸುವುದು ಈ ಆದೇಶದ ತದ್ವಿರುದ್ಧ. ಅಳತೆಯಲ್ಲಿ ಮೋಸ ಮಾಡುವವರ ವಿನಾಶವನ್ನು ಸಾರಲು ಅಲ್‌ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಇದೆ. ಐವತ್ತು ಸಾವಿರವೆಂದು ಬರೆದು ನಲವತ್ತೇಳೂವರೆ ಸಾವಿರ ಅಳೆದು ಕೊಡುವುದು ಅಳತೆಯ ಮೋಸವಲ್ಲದೆ ಮತ್ತೇನು?

ಹಿಲ್ಫುಲ್ ಫುಝೂಲ್ ಘಟನೆಯನ್ನು ಇಲ್ಲಿ ಸ್ಮರಿಸುವುದು ಸೂಕ್ತ. ಯಮನಿನ ಝಬೀದ್‌ನಿಂದ ಮಕ್ಕಾಕ್ಕೆ ಬಂದ ವ್ಯಾಪಾರಿಯ ಸರಕನ್ನು ಖುರೈಶ್ ಪ್ರಮುಖ ಆಸ್ ಬಿನ್ ವಾಇಲ್ ಕೊಂಡು ಬೆಲೆ ಕೊಡಲಿಲ್ಲ. ಪರದೇಶದ ಆ ವ್ಯಾಪಾರಿ ಸುಮ್ಮನೆ ಊರಿಗೆ ಮರಳಲಿಲ್ಲ. ಅಬೂ ಖುಬೈಸ್ ಬೆಟ್ಟವೇರಿ ಎಲ್ಲರಿಗೂ ಕೇಳುವಂತೆ ತನ್ನ ಅಹವಾಲು ಹೇಳಿದ. ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿದ ಕೆಲವರು, ಮರ್ದಿತನ ಹಕ್ಕು ಮರಳುವವರೆಗೆ ಒಂದಾಗಿ ನಿಲ್ಲುವೆವು ಎಂದು ಪ್ರತಿಜ್ಞೆಗೈದರು. ಆ ಒಪ್ಪಂದದಲ್ಲಿ ಯುವಕರಾಗಿದ್ದ ಪ್ರವಾದಿ ಮುಹಮ್ಮದ್(ಸ)ರೂ ಇದ್ದರು. ಪ್ರವಾದಿತ್ವದ ನಂತರವೂ ಅವರು ಅದನ್ನು ಹೆಮ್ಮೆಯಿಂದ ನೆನೆಯುತ್ತಿದ್ದರು. ಈಗ ಕರೆದರೂ ಬರುವೆನೆಂದರು. ಆ ಒಪ್ಪಂದದ ಮೂಲ ಒಬ್ಬ ಸಾಮಾನ್ಯ ವ್ಯಾಪಾರಿಯ ದೂರು. ದೂರು ಕೊಡುವುದು ಅಸಹನೆಯಲ್ಲ, ಸಬ್ರ್‌ಗೆ ವಿರುದ್ಧವೂ ಅಲ್ಲ.

ಹಾಗೆಂದು ಸಿಟ್ಟಿನ ಭರದಲ್ಲಿ ಹಿಡಿಯಬಾರದ ದಾರಿಯೂ ಒಂದಿದೆ. 2009ರಲ್ಲಿ ಕೋಲಾರದಲ್ಲಿ ಏನಾಯಿತು? ರೇಷ್ಮೆಯ ಕೆಲಸ ಕುಸಿದು, ಒಂದೇ ಮನೆಗೆ ಹಲವು ಸಂಸ್ಥೆಗಳು ಸಾಲ ಸುರಿದು, ಕುಟುಂಬಗಳು ಉಸಿರುಗಟ್ಟಿದ್ದವು. ಕಿರುಸಾಲ ಸಂಸ್ಥೆಗಳೊಂದಿಗೆ ಯಾವ ವ್ಯವಹಾರವೂ ಬೇಡ, ಮರುಪಾವತಿಯೂ ಬೇಡ ಎಂದು ಅಲ್ಲಿನ ಅಂಜುಮನ್ ಮುಸ್ಲಿಮ್ ಮಹಿಳೆಯರಿಗೆ ಕರೆಯಿತ್ತಿತು. ಆ ಅಲೆ ರಾಮನಗರ, ಮೈಸೂರಿನ ಕಡೆಗೂ ಹಬ್ಬಿತು. ನೋವು ನಿಜವಾಗಿತ್ತು, ಉದ್ದೇಶವೂ ಒಳ್ಳೆಯದಿತ್ತು. ಆದರೆ ಪಡೆದ ಸಾಲವನ್ನು ಮರಳಿಸದಿರುವುದು ನಮ್ಮ ಧರ್ಮದಲ್ಲಿ ಲಘುವಾದ ಮಾತಲ್ಲ. ಸಾಲದ ಹೊಣೆ ತೀರುವವರೆಗೆ ಪ್ರವಾದಿ(ಸ)ರು ಮೃತನ ಜನಾಝ ನಮಾಝಿಗೆ ಮುಂದಾಗದಿದ್ದ ಪ್ರಸಂಗ ನಮಗೆ ತಿಳಿದಿದೆ. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲರೂ ಒಟ್ಟಾಗಿ ಕಂತು ನಿಲ್ಲಿಸಿದಾಗ ಯಾರಿಗೆ ಯಾವ ಅನ್ಯಾಯವಾಯಿತು ಎಂಬ ಲೆಕ್ಕ ಎಲ್ಲಿಯೂ ದಾಖಲಾಗಲಿಲ್ಲ. 'ಸಾಲ ತೀರಿಸದ ಸಮುದಾಯ' ಎಂಬ ಕಳಂಕ ಮಾತ್ರ ಉಳಿಯಿತು. ಕಂತನ್ನು ಕಟ್ಟುತ್ತಲೇ, ಕಡಿದುಕೊಂಡ ಹಣಕ್ಕೆ ಲೆಕ್ಕ ಕೇಳುವುದು ಹೆಚ್ಚು ಕಷ್ಟದ, ಆದರೆ ಹೆಚ್ಚು ಶಕ್ತವಾದ ದಾರಿ.

ಕಾನೂನು ಈಗ ಸಾಲಗಾರನ ಕಡೆ ಸ್ವಲ್ಪ ವಾಲಿದೆ. ರಿಸರ್ವ್ ಬ್ಯಾಂಕು 2022ರ ಮಾರ್ಚ್ 14ರಂದು ಹೊರಡಿಸಿದ ಕಿರುಸಾಲ ನಿರ್ದೇಶನದಂತೆ, ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ವಿಮೆಯಂತಹ ಸಾಲೇತರ ಸೇವೆಯನ್ನು ಪೂರ್ಣ ಒಪ್ಪಿಗೆಯಿಂದ ಮಾತ್ರ ಕೊಡಬೇಕು. ಅದರ ಶುಲ್ಕವನ್ನು ಕಾರ್ಡಿನಲ್ಲೇ ಸ್ಪಷ್ಟವಾಗಿ ತಿಳಿಸಬೇಕು. 2024ರ ಅಕ್ಟೋಬರ್ 1ರಿಂದ, ವಿಮೆಯ ಹಣವನ್ನೂ ಸೇರಿಸಿ ಸಾಲದ ನಿಜವಾದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಕೊಡುವುದು ಕಡ್ಡಾಯವಾಗಿದೆ. ಆ ಪತ್ರದಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಿಡಿಯುವಂತಿಲ್ಲ. ವಿಮೆಯ ಹೆಸರಿನಲ್ಲಿ ತಪ್ಪು ಮಾರಾಟ ನಡೆದು ಸಾಲದ ವೆಚ್ಚ ಏರುತ್ತಿದೆ ಎಂದು 2024ರ ನವೆಂಬರ್‌ನಲ್ಲಿ ಕೇಂದ್ರ ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬ್ಯಾಂಕುಗಳನ್ನು ಎಚ್ಚರಿಸಿದ್ದರು.

ರಾಜ್ಯ ಸರಕಾರವೂ 2025ರಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿ ನಿರಂತರವಾಗಿ ಬರತೊಡಗಿದ ಮೇಲೆ, ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷಗಳವರೆಗಿನ ಸೆರೆವಾಸ, ಐದು ಲಕ್ಷದವರೆಗಿನ ದಂಡ ಅದರಲ್ಲಿದ್ದವು. ಸ್ವಾಗತಾರ್ಹವೇ ಸರಿ. ಆದರೆ ಅದರ ದೃಷ್ಟಿ ಇರುವುದು ಬಾಗಿಲಿಗೆ ಬಂದು ಬೆದರಿಸುವವನ ಮೇಲೆ. ಸಾಲ ಕೊಡುವ ದಿನವೇ ನಗುಮುಖದಿಂದ ಸಹಿ ಹಾಕಿಸಿಕೊಳ್ಳುವವನನ್ನು ಹಿಡಿಯಲು ದೂರುದಾರನೇ ಎದ್ದು ನಿಲ್ಲಬೇಕು.

ದಾರಿ ಕಷ್ಟದ್ದಲ್ಲ. ಮೊದಲಿಗೆ, ಸಾಲದ ಕಾರ್ಡು, ಮುಖ್ಯಾಂಶಗಳ ಪತ್ರ, ಬ್ಯಾಂಕ್ ಪಾಸ್‌ಬುಕ್ ಮತ್ತು ವಿಮೆಯ ಪ್ರಮಾಣಪತ್ರ ಇವಿಷ್ಟನ್ನು ಒಂದೆಡೆ ಸೇರಿಸಬೇಕು. ಪ್ರಮಾಣಪತ್ರ ಕೊಟ್ಟೇ ಇಲ್ಲವಾದರೆ ಅದೇ ದೂರಿನ ಮೊದಲ ಅಂಶ. ಮಂಜೂರಾದ ಮೊತ್ತ, ಕೈಸೇರಿದ ಮೊತ್ತ, ಕಡಿದ ಪ್ರೀಮಿಯಂ, ಆ ದಿನ ಏನು ಹೇಳಿದರು, ಏನು ಹೇಳಲಿಲ್ಲ, ನಮಗೇನು ಬೇಕು ಎಂಬುದನ್ನು ದಿನಾಂಕ ಸಹಿತ ಕನ್ನಡದಲ್ಲಿ ಬರೆದು, ಸಂಸ್ಥೆಯ ದೂರು ವಿಭಾಗಕ್ಕೂ ವಿಮಾ ಕಂಪೆನಿಗೂ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಪಾಲಿಸಿ ಕೈಗೆ ಬಂದು ಮೂವತ್ತು ದಿನಗಳೊಳಗಾದರೆ, ಬೇಡವೆಂದು ಹಿಂದಿರುಗಿಸುವ ಹಕ್ಕು ಪಾಲಿಸಿದಾರರಿಗೆ ಇರುತ್ತದೆ. ಸಾಲದ ಗುಂಪು ವಿಮೆಯಾದರೆ ಆ ಅವಕಾಶ ಹೇಗಿದೆ ಎಂದು ಬರವಣಿಗೆಯಲ್ಲೇ ಕೇಳಬೇಕು. ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ಸಾಲ ಕೊಟ್ಟ ಸಂಸ್ಥೆಯ ವಿರುದ್ಧ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ವಿಮಾ ಕಂಪೆನಿಯ ವಿರುದ್ಧ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಎರಡೂ ಉಚಿತ, ವಕೀಲರು ಬೇಕಿಲ್ಲ. ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448, ವಿಮಾ ಪ್ರಾಧಿಕಾರದ್ದು 155255. ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಆದರೆ ಎರಡು ವರ್ಷಗಳೊಳಗೆ ಹೋಗಬೇಕು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100.

ಸಾವು ಸಂಭವಿಸಿದ ಮನೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಈ ಸಾಲಕ್ಕೆ ವಿಮೆ ಇತ್ತೇ ಎಂಬುದು. ಇದ್ದರೆ ಬಾಕಿ ಸಾಲ ಅದರಿಂದ ತೀರಬೇಕು. ವಿಮೆಯ ಮೊತ್ತ ಬಾಕಿಗಿಂತ ಹೆಚ್ಚಿದ್ದರೆ ಉಳಿದುದು ನಾಮಿನಿಗೆ ಸೇರಬೇಕು.

ಕೆಲವರು ಇನ್ನೊಂದು ಸಂದೇಹ ಎತ್ತುತ್ತಾರೆ. ಬಡ್ಡಿಯ ವ್ಯವಹಾರದಿಂದ ಮರಳಿ ಬಂದ ಹಣ ನಮಗೆ ಸಲ್ಲುವುದೇ? ಕಡಿದುಕೊಂಡ ಪ್ರೀಮಿಯಂ ನಮ್ಮದೇ ಹಣ. ಅದರ ಮೇಲೆ ನಾವು ತೆತ್ತ ಬಡ್ಡಿಯೂ ನಮ್ಮದೇ ಬೆವರು. ಅದು ಮರಳಿದರೆ ಅದು ಲಾಭವಲ್ಲ, ಹಕ್ಕು. ಅದಕ್ಕೂ ಮೇಲೆ ಬಡ್ಡಿಯ ರೂಪದಲ್ಲಿ ಏನಾದರೂ ಸೇರಿದರೆ ಅದರ ವಿಲೇವಾರಿಯನ್ನು ಉಲಮಾರಲ್ಲಿ ಕೇಳಿಕೊಳ್ಳೋಣ. ಆ ಸಂದೇಹದ ನೆಪದಲ್ಲಿ ಹಕ್ಕನ್ನೇ ಬಿಟ್ಟುಕೊಡುವುದು ತಖ್ವಾ ಆಗದು.

ಕೊನೆಯದಾಗಿ ಜಮಾಅತ್‌ನ ಹೊಣೆಗಾರರಲ್ಲಿ ಒಂದು ಮಾತು. ಬಡ್ಡಿಯ ವಿರುದ್ಧ ಖುತ್ಬಾ ಬೇಕು, ಖಂಡಿತ ಬೇಕು. ಆದರೆ ಮಗಳ ಶಾಲಾ ಶುಲ್ಕಕ್ಕೆ, ಗಂಡನ ಚಿಕಿತ್ಸೆಗೆ ಹಣ ಬೇಕಾದಾಗ ಮಸೀದಿಯ ಬಾಗಿಲಲ್ಲಿ ಆಕೆಗೆ ಸಿಗದ ಐದು ಸಾವಿರವೇ ಆಕೆಯನ್ನು ಆ ಜಗಲಿಗೆ ಕಳುಹಿಸಿತು ಎಂಬುದನ್ನು ನಾವು ಮರೆಯುವಂತಿಲ್ಲ. ಬಡ್ಡಿರಹಿತ ಸಾಲದ ನಿಧಿಯೊಂದನ್ನು ಕಟ್ಟಲು ವರ್ಷಗಳು ಬೇಕಾಗಬಹುದು. ಆದರೆ ಜುಮಾದ ನಂತರ ಮಸೀದಿಯ ಆವರಣದಲ್ಲಿ ಒಂದು ಮೇಜು ಹಾಕಿ, ಮಹಿಳೆಯರಿಗೆ ಬೇರೆಯೇ ವ್ಯವಸ್ಥೆ ಮಾಡಿ, ಕಲಿತ ಇಬ್ಬರು ಯುವಕ ಯುವತಿಯರನ್ನು ಕುಳ್ಳಿರಿಸಿ, ಬಂದವರ ಸಾಲದ ಕಾರ್ಡು ಓದಿ ಹೇಳಿ, ದೂರು ಬರೆದುಕೊಡಲು ಮುಂದಿನ ಶುಕ್ರವಾರವೇ ಸಾಕು. ಅಲ್ಲಿ ಕೇಳಬಾರದ ಪ್ರಶ್ನೆ ಒಂದೇ: 'ನೀನು ಈ ಸಾಲ ಏಕೆ ತೆಗೆದೆ?' ಆ ಮೇಜಿನ ಬಳಿ ಪಕ್ಕದ ಬೀದಿಯ ಹಿಂದೂ ಸಹೋದರಿಯೂ ತನ್ನ ಕಾರ್ಡು ಹಿಡಿದು ಬರಲಿ. ಮೋಸ ಹೋದವಳ ಧರ್ಮವನ್ನು ಆ ಕಂಪೆನಿಯೂ ಕೇಳಿರಲಿಲ್ಲ. ಹಿಲ್ಫುಲ್ ಫುಝೂಲ್‌ನಲ್ಲಿ ಸೇರಿದವರೂ ಅಬೂ ಖುಬೈಸ್ ಬೆಟ್ಟದ ಮೇಲಿದ್ದವನ ಕುಲ ಕೇಳಿರಲಿಲ್ಲ. ನಾವು ಅವರ ವಾರಸುದಾರರೆಂದು ಹೇಳಿಕೊಳ್ಳುವುದಾದರೆ, ನಮ್ಮ ಮೊಹಲ್ಲಾದ ಆ ಕೂಗು ಮೊದಲು ನಮಗೆ ಕೇಳಿಸಬೇಕು.