‘ಫಿಟ್’ ಮಾಡಿದ ಡ್ರಾಯಿಂಗಿನ ಸ್ಕೇಲ್ ಎಷ್ಟು?

ಸಬ್ಮಿಷನ್ ಹಿಂದಿನ ದಿನ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲರೂ ಹೇಳೋದು ಒಂದೇ ಮಾತು: “ಅಣ್ಣಾ, ಪೇಜಿಗೆ ಫಿಟ್ ಮಾಡಿ ಕೊಟ್ಬಿಡಿ.” ಅಣ್ಣ ಕೊಡ್ತಾರೆ, ಶೀಟ್ ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಟೈಟಲ್ ಬ್ಲಾಕಿನಲ್ಲಿ ನಾವು ಬರೆದಿರೋ ‘ಸ್ಕೇಲ್ 1:1’ ಅಲ್ಲಿಗೆ ಸುಳ್ಳಾಯ್ತು.

ಕಾರಣ ಸರಳ. ನಮಗೆ ಸಿಗುವ ಹೆಚ್ಚಿನ ಪ್ರಿಂಟರ್‌ಗಳು ಕಾಗದದ ಅಂಚಿನವರೆಗೆ ಮುದ್ರಿಸುವುದಿಲ್ಲ. ಪ್ರತಿ ಬದಿಯಲ್ಲಿ 5 ಮಿ.ಮೀ. ಬಿಟ್ಟರೆ 210 ಮಿ.ಮೀ. ಅಗಲದ ಎ4 ಪುಟವನ್ನು 200 ಮಿ.ಮೀ. ಜಾಗದಲ್ಲಿ ತುರುಕಬೇಕು. ಆಗ 100 ಮಿ.ಮೀ. ಗೆರೆ ಸುಮಾರು 95 ಆಗುತ್ತೆ. ಪ್ರಿಂಟರ್ ಸೆಟ್ಟಿಂಗ್ ಅಮೆರಿಕದ ‘ಲೆಟರ್’ ಸೈಜಿನಲ್ಲೇ ಉಳಿದಿದ್ದರೂ ಇದೇ ಕಥೆ; ಅದರ ಎತ್ತರ 279 ಮಿ.ಮೀ., ಎ4 ಎತ್ತರ 297.

“ಡ್ರಾಯಿಂಗನ್ನು ಅಳೀಬಾರದು, ಬರೆದಿರೋ ಡೈಮೆನ್ಶನ್ ಓದಬೇಕು” ಅಂತ ಕೆಲವರು ವಾದಿಸ್ತಾರೆ. ನಿಯಮವೇನೋ ಸರಿ. ಆದರೆ ಶೀಟ್ ಮೆಟಲ್ ಮೇಲೆ ಪ್ರಿಂಟ್ ಅಂಟಿಸಿ ಕತ್ತರಿಸುವವರು ಏನು ಮಾಡಬೇಕು? ಇಸ್ತ್ರಿಪೆಟ್ಟಿಗೆಯಿಂದ ಟೋನರನ್ನು ತಾಮ್ರದ ಬೋರ್ಡಿಗೆ ಇಳಿಸಿ ಪಿಸಿಬಿ ಮಾಡುವ ಇಸಿ ಗೆಳೆಯರು ಏನು ಮಾಡಬೇಕು? 40 ಪಿನ್ನಿನ ಐಸಿಯಲ್ಲಿ ಒಂದು ಸಾಲಿನ ಮೊದಲ ಪಿನ್ನಿನಿಂದ ಕೊನೆಯ ಪಿನ್ನಿಗೆ 48.26 ಮಿ.ಮೀ. ಫಿಟ್ ಮಾಡಿದ ಪ್ರಿಂಟಿನಲ್ಲಿ ಅದು ಸುಮಾರು 46. ಹೆಚ್ಚುಕಮ್ಮಿ ಒಂದು ಪಿನ್ನಿನ ಅಂತರವೇ ಮಾಯ! ಆಮೇಲೆ ಬೋರ್ಡೂ ಹೋಯ್ತು, ರಾತ್ರಿಯ ನಿದ್ದೆಯೂ ಹೋಯ್ತು.

ಹಾಗಂತ ಕುಗ್ಗಿಸೋದೇ ತಪ್ಪು ಅಂತ ನಾನು ಹೇಳಲ್ಲ. ಎ ಸರಣಿಯ ಕಾಗದಗಳ ಅನುಪಾತ 1:√2 ಇರುವುದೇ ಅದಕ್ಕಾಗಿ. ಎ3ಯಿಂದ ಎ4ಗೆ ಇಳಿಸಿದರೆ ಎಲ್ಲವೂ 70.7 ಶೇಕಡಾ ಆಗುತ್ತೆ: 3.5 ಮಿ.ಮೀ. ಅಕ್ಷರ 2.5 ಆಗುತ್ತೆ, 0.5ರ ಗೆರೆ 0.35 ಆಗುತ್ತೆ. ಇವೆಲ್ಲ ಡ್ರಾಯಿಂಗ್ ಮಾನದಂಡದಲ್ಲೇ ಇರುವ ಅಳತೆಗಳು. ಹೀಗೆ ಗೊತ್ತಿದ್ದು ಕುಗ್ಗಿಸಿ, ಸ್ಕೇಲಿನ ಪಕ್ಕ ‘ಮೂಲ ಶೀಟ್ ಎ3’ ಅಂತ ಬರೆದರೆ ಯಾರಿಗೂ ಮೋಸವಿಲ್ಲ. ತೊಂದರೆ ಇರೋದು ಯಾರಿಗೂ ಹೇಳದೆ ಆಗುವ 95 ಶೇಕಡಾದಲ್ಲಿ. ಕಣ್ಣಿಗೆ ಕಾಣಲ್ಲ, ಕೆಲಸ ಕೆಡಿಸುತ್ತೆ.

ಫಿಟ್ ಮಾಡದಿದ್ದರೆ ಬಾರ್ಡರ್ ಕಟ್ ಆಗುತ್ತೆ ಅನ್ನೋ ಭಯಕ್ಕೂ ಮದ್ದಿದೆ. ಫೈಲಿಂಗಿಗೆ ಎಡಗಡೆ 20 ಮಿ.ಮೀ., ಉಳಿದ ಮೂರು ಕಡೆ 10 ಮಿ.ಮೀ. ಬಿಟ್ಟು ಬಾರ್ಡರ್ ಎಳೆಯಿರಿ; ಸಾಮಾನ್ಯವಾಗಿ ಅದು ಪ್ರಿಂಟರಿನ ಮಿತಿಯೊಳಗೇ ಇರುತ್ತೆ. ಆಟೋಕ್ಯಾಡಿನಲ್ಲಿ ಸರಿಯಾದ ಪೇಪರ್ ಸೈಜ್ ಆರಿಸಿ, ‘ಫಿಟ್ ಟು ಪೇಪರ್’ ಟಿಕ್ ತೆಗೆದು, ಲೇಔಟಿನಿಂದ 1:1 ಪ್ಲಾಟ್ ಮಾಡಿ. ಪಿಡಿಎಫ್ ಪ್ರಿಂಟ್ ಮಾಡುವಾಗ ‘ಆಕ್ಚುಯಲ್ ಸೈಜ್’ ಆರಿಸಿ. ಪ್ರಿಂಟರ್ ಪ್ರಾಪರ್ಟೀಸಿನಲ್ಲೂ ಅದೇ ಪೇಪರ್ ಇದೆಯಾ ನೋಡಿ. ಮೂರರಲ್ಲಿ ಒಂದು ತಪ್ಪಿದರೂ ಅಳತೆ ಕೈಕೊಡಬಹುದು.

ನನ್ನ ಒತ್ತಾಯ ಎರಡೇ. ಕ್ಯಾಡ್ ಲ್ಯಾಬಿನ ಟೆಂಪ್ಲೇಟಿನಲ್ಲಿ ಈ ಪೇಜ್ ಸೆಟಪ್ ಮೊದಲೇ ಸೇವ್ ಆಗಿರಲಿ, ಜೊತೆಗೆ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದು ಇರಲಿ. ಶೀಟ್ ತಿದ್ದುವ ಗುರುಗಳು ಮೊದಲು ಆ ಗೆರೆಯ ಮೇಲೆ ಸ್ಕೇಲ್ ಇಟ್ಟು ನೋಡಲಿ, ಅದಕ್ಕೆ ಎರಡು ಮಾರ್ಕ್ಸ್ ಇಡಲಿ. ಈಗ ನಮಗೆ ಲೈನ್ ಚೆನ್ನಾಗಿದೆಯಾ, ಲೆಟರಿಂಗ್ ನೀಟಾಗಿದೆಯಾ ಅನ್ನೋದಕ್ಕೆ ಮಾರ್ಕ್ಸ್ ಸಿಗುತ್ತೆ; ಅಳತೆ ನಿಜವಾ ಅಂತ ಯಾರೂ ಕೇಳಲ್ಲ. ಕೇಳೋಕೆ ಶುರು ಮಾಡಿದರೆ ಮುಂದಿನ ಸಬ್ಮಿಷನ್ ಹೊತ್ತಿಗೆ ಜೆರಾಕ್ಸ್ ಅಣ್ಣನಿಗೂ ‘ಆಕ್ಚುಯಲ್ ಸೈಜ್’ ಬಾಯಿಪಾಠ ಆಗಿರುತ್ತೆ.