ರಬ್ಬರ್ ರಾಕ್ಷಸನನ್ನು ನೋಡಿ ನಗುವ ಮುನ್ನ

‘ಎಷ್ಟು ಕೆಟ್ಟದಾಗಿದೆ ಅಂದ್ರೆ, ಅದಕ್ಕೇ ಮಜವಾಗಿದೆ!’ ಐವತ್ತರ ದಶಕದ ಅಮೆರಿಕದ ಅಗ್ಗದ ರಾಕ್ಷಸ ಸಿನಿಮಾಗಳ ಮಾತೆತ್ತಿದರೆ ಸಾಕು, ಬುದ್ಧಿವಂತರು ಹೇಳೋದು ಇದನ್ನೇ. ಮೆಚ್ಚುಗೆಯ ವೇಷ ತೊಟ್ಟ ತಾತ್ಸಾರ ಕಣ್ರೀ ಇದು. ನನಗೆ ಸುತರಾಂ ಒಪ್ಪಿಗೆಯಿಲ್ಲ.

1953ರ ‘ರೋಬೋಟ್ ಮಾನ್‌ಸ್ಟರ್’ ತಗೊಳ್ಳಿ. ಯಂತ್ರಮಾನವನ ವೇಷ ಮಾಡಿಸಲು ದುಡ್ಡಿಲ್ಲ. ಸ್ವಂತ ಗೊರಿಲ್ಲಾ ವೇಷ ಇಟ್ಟುಕೊಂಡಿದ್ದ ನಟನನ್ನೇ ಕರೆದು, ತಲೆಗೊಂದು ಹೆಲ್ಮೆಟ್ ಹಾಕಿಸಿ, ಅನ್ಯಗ್ರಹದವನು ಅಂದುಬಿಟ್ಟರು. 1958ರ ‘ದ ಬ್ಲಾಬ್’ನಲ್ಲಿ ಸಿಕ್ಕಸಿಕ್ಕವರನ್ನು ನುಂಗುವ ಭೂತ, ಕೆಂಪು ಬಣ್ಣ ಬೆರೆಸಿದ ಸಿಲಿಕೋನ್ ಲೋಳೆ. ರೋಜರ್ ಕಾರ್ಮನ್ ಚಿತ್ರಗಳಿಗೆ ಪಾಲ್ ಬ್ಲೈಸ್‌ಡೆಲ್ ಹೆಂಡತಿಯ ಜೊತೆ ಸೇರಿ ಫೋಮ್ ರಬ್ಬರಿನಲ್ಲಿ ರಾಕ್ಷಸರನ್ನು ಮಾಡುತ್ತಿದ್ದರು. ಎಷ್ಟೋ ಸಲ ಅದರೊಳಗೆ ಹೊಕ್ಕು ನಟಿಸುತ್ತಿದ್ದವರೂ ಅವರೇ.

ನಗು ಬರುತ್ತೆ, ಬರಲಿ. ಆದರೆ ಕಾಸಿಲ್ಲದವರು ಅರ್ಧ ಕಟ್ಟಿ, ಉಳಿದರ್ಧವನ್ನು ನೋಡುವವರ ಕಲ್ಪನೆಗೆ ಬಿಟ್ಟ ಲೋಕ ಅದು. ಸೊಗಸು ಇರೋದೇ ಅಲ್ಲಿ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದಾಗ ‘ಇದು ನಿಜವಾದ ರಾಕ್ಷಸ ಅಲ್ಲ’ ಅಂತ ಯಾರಾದರೂ ಎದ್ದು ಹೋಗ್ತಾರಾ? ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಒಂದೊಂದು ರೋಮವನ್ನೂ ಬಿಡಿಸಿ ತೋರಿಸುವ ಇಂದಿನ ಚಿತ್ರಗಳು ನಮಗೆ ಉಳಿಸುವ ಕೆಲಸವಾದರೂ ಏನು?

ಇನ್ನು ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’. ಸ್ಮಶಾನದ ಕಲ್ಲುಗಳು ಅಲುಗಾಡ್ತವೆ, ಒಂದೇ ದೃಶ್ಯದಲ್ಲಿ ರಾತ್ರಿ ಹೋಗಿ ಹಗಲಾಗುತ್ತೆ, ನಿಜ. ಆದರೆ ಅನ್ಯಗ್ರಹದವರು ಬಂದಿದ್ದೇಕೆ? ಮನುಷ್ಯರು ಒಂದಕ್ಕಿಂತ ಒಂದು ದೊಡ್ಡ ಬಾಂಬು ಮಾಡುತ್ತಾ ಇಡೀ ವಿಶ್ವವನ್ನೇ ಸುಟ್ಟುಹಾಕಿಯಾರು ಎಂಬ ಭಯದಿಂದ. ಹೈಡ್ರೋಜನ್ ಬಾಂಬಿನ ಪರೀಕ್ಷೆಗಳು ನಡೆಯುತ್ತಿದ್ದ ಕಾಲದಲ್ಲಿ ಇದು ನಗುವ ಮಾತಾಗಿತ್ತಾ?

ಅದರ ನಿರ್ದೇಶಕ ಎಡ್ ವುಡ್, ಬಾಡಿಗೆ ಕಟ್ಟಲಾಗದೆ ಮನೆಯಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ, 1978ರ ಡಿಸೆಂಬರಿನಲ್ಲಿ ತೀರಿಕೊಂಡರು. 1980ರಲ್ಲಿ ಮೆಡ್ವೆಡ್ ಸಹೋದರರ ‘ಗೋಲ್ಡನ್ ಟರ್ಕಿ ಅವಾರ್ಡ್ಸ್’ ಪುಸ್ತಕ ಅವರಿಗೆ ‘ಸಾರ್ವಕಾಲಿಕ ಅತಿ ಕೆಟ್ಟ ನಿರ್ದೇಶಕ’ ಎಂಬ ಬಿರುದು ಕೊಟ್ಟಿತು. ಸತ್ತವರು ಎದ್ದು ಬಂದು ಉತ್ತರ ಕೊಡೋದು ಅವರ ಸಿನಿಮಾದಲ್ಲಿ ಮಾತ್ರ.

ಇವೆಲ್ಲ ಮಹಾನ್ ಕೃತಿಗಳು ಅಂತ ನಾನು ವಾದಿಸ್ತಿಲ್ಲ. ಗೇಲಿ ಮಾಡೋ ಗೆಳೆಯರ ಗುಂಪು ಬಿಟ್ಟು, ಒಬ್ಬರೇ ಕೂತು, ಒಂದನ್ನಾದರೂ ಪೂರ್ತಿ ನೋಡಿ. ಆಮೇಲೂ ನಗು ಬಂದರೆ ನಗಿ, ಅಡ್ಡಿಯಿಲ್ಲ.