ಹೊಸದು ಕಟ್ಟುವವರಿದ್ದಾರೆ, ಕಟ್ಟಿದ್ದನ್ನು ಕಾಯುವವರು?

ಕಳೆದ ಮಳೆಗಾಲದ ಶುರುವಿನಲ್ಲಿ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದಾಗ ದೂರದ ಸಂಬಂಧದ ಮಾವ ಒಬ್ಬರು ಸಿಕ್ಕರು. ಕೆಲಸವಿಲ್ಲದ ಇಂಜಿನಿಯರಿಗೆ ನೆಂಟರು ಕೇಳುವುದು ಒಂದೇ ಪ್ರಶ್ನೆ ತಾನೇ?

‘ಎಂತ ಮಾರಾಯ್ತಿ, ಇಂಜಿನಿಯರಿಂಗ್ ಮುಗೀತಲ್ಲ, ಈಗ ಎಂತ ಮಾಡ್ತಾ ಇದ್ದೀಯ?’

‘ಕರ್ನಲ್ ಕೆಲಸ ಕಲೀತಾ ಇದ್ದೀನಿ ಮಾವ.’

‘ಓಹೋ, ಮಿಲಿಟ್ರಿಗೆ ಸೇರಿದ್ಯಾ! ಈಗ ಹೆಣ್ಣುಮಕ್ಕಳನ್ನೂ ತಗೋತಾರಂತೆ. ಒಳ್ಳೇದಾಯ್ತು ಬಿಡು.’

ಅಷ್ಟರಲ್ಲಿ ಬಸ್ ಬಂತು. ತಿದ್ದಲು ಹೋಗಲಿಲ್ಲ. ನಿಜ ಹೇಳಿದ್ದರೆ ಅವರಿಗೆ ಇಷ್ಟು ಸಂತೋಷವಾಗುತ್ತಿರಲಿಲ್ಲ. ನನ್ನ ಜೊತೆಗೇ ಪದವಿ ಮುಗಿಸಿದವರಿಗೂ ಅದು ಅರ್ಥವಾಗುವುದಿಲ್ಲ. ‘ಎಐ ಕಲಿಯೋದು ಬಿಟ್ಟು ಹಳೇ ಕೋಡ್ ರಿಪೇರಿ ಯಾಕೆ?’ ಎನ್ನುತ್ತಾರೆ. ಈ ಬರಹ ಅವರಿಗೆ ನನ್ನ ಉತ್ತರ.

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್ ಎಲ್ಲದರ ಜೊತೆ ನೇರವಾಗಿ ಮಾತಾಡುವುದು ಅದೇ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಕಂಪ್ಯೂಟರಿಗೆಂದು ಬರೆಯಲು ಶುರುಮಾಡಿದ ಲಿನಕ್ಸ್ ಕರ್ನಲ್ ಇಂದು ಮೂರು ಕೋಟಿಗೂ ಹೆಚ್ಚು ಸಾಲಿನ ಕೋಡ್ ಆಗಿ ಬೆಳೆದಿದೆ. ಪ್ರತಿ ಆಂಡ್ರಾಯ್ಡ್ ಫೋನಿನೊಳಗೆ ಅದಿದೆ. ಮನೆಯ ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್, ಅಂಗಡಿಯ ಸಿಸಿಟಿವಿ ಕ್ಯಾಮೆರಾಗಳಲ್ಲಿ ಬಹಳಷ್ಟು ಅದರ ಮೇಲೆಯೇ ಓಡುತ್ತವೆ.

ಇಂಥ ಸಣ್ಣ ಯಂತ್ರಗಳ ಒಳಗಿರುವ ಪ್ರೊಸೆಸರ್‌ಗಳೆಲ್ಲ ಒಂದೇ ಜಾತಿಯವಲ್ಲ. ಆರ್ಮ್, ಮಿಪ್ಸ್, ರಿಸ್ಕ್-ಫೈವ್ ಹೀಗೆ ಒಂದೊಂದರ ಭಾಷೆ ಒಂದೊಂದು. ಕರ್ನಲ್‌ನಲ್ಲಿ ಪ್ರತಿ ಜಾತಿಗೂ ಬೇರೆ ಫೋಲ್ಡರ್ ಇದೆ, ಈಗ ಅಂಥವು ಇಪ್ಪತ್ತರಷ್ಟಿವೆ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಪ್ರತಿ ಸಲವೂ ಹತ್ತು ಸಾವಿರಕ್ಕಿಂತ ಹೆಚ್ಚು ಬದಲಾವಣೆಗಳು ಸೇರುತ್ತವೆ. ನಡುಮನೆಯಲ್ಲಿ ಒಂದು ಕಂಬ ಸರಿಸಿದರೆ ಸುತ್ತಲಿನ ಕೋಣೆಗಳ ಮಾಡು ಸೋರುತ್ತದೆಯೋ ಎಂದು ಯಾರಾದರೂ ನೋಡಲೇಬೇಕಲ್ಲ? ಹಾಗೆ ನೋಡಿಕೊಳ್ಳುವವರೇ ಮೇಂಟೇನರ್‌ಗಳು.

ಅವರ ಹೆಸರುಗಳ ಪಟ್ಟಿ ಕರ್ನಲ್ ಜೊತೆಗೇ ಬರುತ್ತದೆ. ಪ್ರತಿ ಭಾಗದ ಮುಂದೆ ಅದರ ಸ್ಥಿತಿಯನ್ನೂ ಬರೆದಿರುತ್ತಾರೆ. ‘ಸಪೋರ್ಟೆಡ್’ ಅಂದರೆ ನೋಡಿಕೊಳ್ಳಲು ಯಾರೋ ಸಂಬಳ ಪಡೆಯುತ್ತಿದ್ದಾರೆ. ‘ಮೇಂಟೇನ್ಡ್’ ಅಂದರೆ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ‘ಆಡ್ ಫಿಕ್ಸಸ್’ ಅಂದರೆ ಪುರುಸೊತ್ತಾದಾಗ ಮಾತ್ರ. ಆಮೇಲೆ ಬರುವುದು ‘ಆರ್ಫನ್’. ಅನಾಥ. ಆ ಪದ ಮೊದಲ ಸಲ ಕಣ್ಣಿಗೆ ಬಿದ್ದಾಗ ಯಾಕೋ ಬೇಜಾರಾಯಿತು.

ಅನಾಥವಾದದ್ದು ಕೊನೆಗೆ ಏನಾಗುತ್ತದೆ ಎನ್ನುವುದಕ್ಕೆ 2018 ಸಾಕ್ಷಿ. ಆ ವರ್ಷ 4.17ನೇ ಆವೃತ್ತಿಯಲ್ಲಿ ಆರ್ಂಡ್ ಬರ್ಗ್‌ಮನ್ ಎಂಬ ಡೆವಲಪರ್ ಒಟ್ಟಿಗೇ ಎಂಟು ಪ್ರೊಸೆಸರ್ ಜಾತಿಗಳ ಕೋಡ್ ತೆಗೆದುಹಾಕಿದರು. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳು ಹೋದವು. ಅನಲಾಗ್ ಡಿವೈಸಸ್ ಕಂಪನಿಯ ಬ್ಲ್ಯಾಕ್‌ಫಿನ್, ಆಕ್ಸಿಸ್ ಕಂಪನಿಯ ನೆಟ್‌ವರ್ಕ್ ಕ್ಯಾಮೆರಾಗಳಲ್ಲಿದ್ದ ಕ್ರಿಸ್ ಎಲ್ಲ ಅದರಲ್ಲಿದ್ದವು. ಅವರು ಮಾಡಿದ್ದು ತಪ್ಪಲ್ಲ. ಯಾರೂ ನೋಡಿಕೊಳ್ಳದ ಕೋಡ್ ಉಳಿದವರಿಗೆ ಹೊರೆಯಾಗುತ್ತದೆ. ಎಚ್8300 ಎಂಬ ಇನ್ನೊಂದರ ಕಥೆ ಇನ್ನೂ ವಿಚಿತ್ರ. 2013ರಲ್ಲಿ ಅದನ್ನು ತೆಗೆದರು, ನೋಡಿಕೊಳ್ಳಲು ಜನ ಸಿಕ್ಕಿದ್ದರಿಂದ 2015ರಲ್ಲಿ ಮರಳಿ ಬಂತು, 2022ರಲ್ಲಿ ಮತ್ತೆ ಹೋಯಿತು. ಒಂದು ಪ್ರೊಸೆಸರ್‌ನ ಆಯುಷ್ಯ ಬೆರಳೆಣಿಕೆಯ ಜನರ ಆಸಕ್ತಿಯ ಮೇಲೆ ನಿಂತಿದೆ.

ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ. 2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರ್ ಹೊರಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ ರೂಪಿಸಿದ್ದು. ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಓದು ಬರಹ ಬಾರದ ಹಳ್ಳಿಯವರೂ ಬಳಸಬೇಕು ಎನ್ನುವುದು ಉದ್ದೇಶ. ಸ್ಮಾರ್ಟ್‌ಫೋನ್ ಎಂಬ ಮಾತೇ ನಮ್ಮ ಕಿವಿಗೆ ಬೀಳದ ಕಾಲ ಅದು! 2004ರಲ್ಲಿ ‘ಅಮೀಡಾ’ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಎಣಿಸಿದಷ್ಟು ಮಾರಾಟವಾಗಲಿಲ್ಲ. ಅದರ ಪ್ರೊಸೆಸರ್ ವಂಶವನ್ನು ಇಂಟೆಲ್ ಕಂಪನಿಯೇ ಕೈಬಿಟ್ಟು ಎಕ್ಸ್‌ಸ್ಕೇಲ್‌ಗೆ ಹೋಯಿತು, 2006ರಲ್ಲಿ ಅದನ್ನೂ ಮಾರ್ವೆಲ್‌ಗೆ ಮಾರಿತು.

ಸಿಂಪ್ಯೂಟರ್ ಸೋತಿತು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅದಕ್ಕೆಂದೇ ರಮೇಶ್ ಹರಿಹರನ್ ‘ಧ್ವನಿ’ ಎಂಬ, ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುವ ಸಾಫ್ಟ್‌ವೇರ್ ಬರೆದಿದ್ದರು. ಯಂತ್ರ ಮೂಲೆ ಸೇರಿದ ಮೇಲೆ ಅದೂ ಸಾಯಬೇಕಿತ್ತು. ಕೇರಳದ ಸಂತೋಷ್ ತೊಟ್ಟಿಂಗಲ್ ಎಂಬ ಇಂಜಿನಿಯರ್ ಆ ಕೋಡ್ ಕೈಗೆತ್ತಿಕೊಂಡು, ಸರಿಪಡಿಸಿ, ಇನ್ನಷ್ಟು ಭಾಷೆಗಳಿಗೆ ವಿಸ್ತರಿಸಿದರು. ಯಂತ್ರ ಹೋದರೂ ಧ್ವನಿ ಉಳಿಯಿತು. ಯಾಕೆಂದರೆ ಕೋಡ್ ಮುಕ್ತವಾಗಿತ್ತು, ಕಾಯಲು ಒಬ್ಬರು ಸಿಕ್ಕರು. ಇವೆರಡೂ ಬೇಕು. ಒಂದೇ ಇದ್ದರೆ ಸಾಲದು.

‘ಹಳೆಯದು ಹೋದರೆ ಹೋಗಲಿ, ಹೊಸದು ಕೊಂಡರಾಯಿತು’ ಎನ್ನುವವರಿಗೆ ನಮ್ಮ ಮನೆಯ ರೂಟರ್ ಕಥೆ ಹೇಳುತ್ತೇನೆ. ಅಪ್ಪ ಕರೆಂಟ್ ಬಿಲ್ ಕಟ್ಟುವುದು, ಅಡಿಕೆ ದುಡ್ಡು ಬಂತೇ ಎಂದು ಬ್ಯಾಂಕ್ ಖಾತೆ ನೋಡುವುದು ಎಲ್ಲ ಅದರ ಮೂಲಕವೇ. ಒಂದು ದಿನ ಕುತೂಹಲಕ್ಕೆ ಅದರ ಕರ್ನಲ್ ಆವೃತ್ತಿ ನೋಡಿದೆ. 2.6 ಸರಣಿ! ಆ ಸರಣಿ ಮುಗಿದು 3.0 ಬಂದದ್ದು 2011ರಲ್ಲಿ. ನಾವು ರೂಟರ್ ಕೊಂಡದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಮಾರಿದ ಕಂಪನಿಗೆ ಅಪ್‌ಡೇಟ್ ಕೇಳಿ ಎರಡು ಸಲ ಬರೆದೆ. ಹೊಸ ಮಾಡೆಲ್ ಕೊಳ್ಳಿ ಎಂಬ ಉತ್ತರ ಬಂತು.

ಇದು ಬರೀ ನಮ್ಮ ಮನೆಯ ಗೋಳಲ್ಲ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಇಂಥದೇ ರೂಟರ್, ಕ್ಯಾಮೆರಾಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡು, ಅವುಗಳಿಂದಲೇ ದಾಳಿ ಮಾಡಿಸಿ, ಅಕ್ಟೋಬರ್‌ನ ಒಂದು ದಿನ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳೇ ಸಿಗದಂತೆ ಮಾಡಿತು. ಅದು ಹೊಕ್ಕಿದ್ದು ಬದಲಾಯಿಸದ ಪಾಸ್‌ವರ್ಡ್‌ಗಳ ಮೂಲಕ. ಮಾರಿದ ಮೇಲೆ ತಿರುಗಿ ನೋಡದ ಯಂತ್ರಗಳ ಗತಿ ಇದು.

ಮುಂದೆ ಇನ್ನೊಂದು ಗಡುವಿದೆ. ಹಳೆಯ 32 ಬಿಟ್ ವ್ಯವಸ್ಥೆಗಳು ಸಮಯವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆಯ ಜಾಗ ತುಂಬುತ್ತದೆ. ಮರುಕ್ಷಣ ಗಡಿಯಾರ 1901ಕ್ಕೆ ಹಾರುತ್ತದೆ. ಇದನ್ನು ಕರ್ನಲ್‌ನಲ್ಲಿ ಸರಿಪಡಿಸಲು ಹಲವು ವರ್ಷ ಹಿಡಿಯಿತು. 2020ರ 5.6ನೇ ಆವೃತ್ತಿ ಹೊತ್ತಿಗೆ ಕೆಲಸ ಒಂದು ಹಂತಕ್ಕೆ ಬಂತು. ಅದರಲ್ಲಿ ಬರ್ಗ್‌ಮನ್ ಜೊತೆ ದುಡಿದವರಲ್ಲಿ ದೀಪಾ ದಿನಮಣಿ ಒಬ್ಬರು, ಅವರು ಈ ಕೆಲಸಕ್ಕೆ ಬಂದದ್ದು ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಮೂಲಕ. ಆದರೆ ಹಳೆಯ ಕರ್ನಲ್ ಹೊತ್ತು ಗೋಡೆ, ಕಂಬಗಳಲ್ಲಿ ಕೂತಿರುವ ಯಂತ್ರಗಳಿಗೆ ಈ ತಿದ್ದುಪಡಿ ತಾನಾಗಿ ತಲುಪುವುದಿಲ್ಲ. ಒಬ್ಬರು ಕೂತು ತಲುಪಿಸಬೇಕು. 2038ಕ್ಕೆ ನಮಗೆಲ್ಲ ಮೂವತ್ತೈದರ ಆಸುಪಾಸು. ಅಂದರೆ ಆ ‘ಒಬ್ಬರು’ ನಾವೇ.

ಇನ್ನು ನಮ್ಮ ಕಾಲೇಜುಗಳ ವಿಷಯ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಅಡಿಕೆ ತೋಟಕ್ಕೆ ತಾನಾಗಿ ನೀರು ಬಿಡುವ ಯಂತ್ರ ಮಾಡಿದೆವು. ಒಳ್ಳೆಯ ಅಂಕ ಬಂತು. ಬೋರ್ಡನ್ನು ಲ್ಯಾಬಿನ ಕಪಾಟಿನಲ್ಲಿ ಇಡಲು ಹೋದರೆ ಅಲ್ಲಿ ಅದೇ ಥರದ ಮೂರು ಬೋರ್ಡ್‌ಗಳು ಧೂಳು ತಿನ್ನುತ್ತಿದ್ದವು! ಪ್ರತಿ ವರ್ಷ ಹೊಸಬರು ಮೊದಲಿಂದ ಶುರುಮಾಡುತ್ತಾರೆ. ಹಿಂದಿನವರದ್ದನ್ನು ಸರಿಪಡಿಸಿ ತೋಟದಲ್ಲಿ ಒಂದು ಮಳೆಗಾಲ ಓಡಿಸಿದರೆ ಅಂಕವಿಲ್ಲ. ಬೇರೆಯವರ ಕೋಡ್ ಓದುವುದು, ತಪ್ಪು ಹುಡುಕುವುದು, ಸಾವಿರ ಸಾಲಿನ ನಡುವೆ ಒಂದು ಸಾಲು ತಿದ್ದುವುದು, ಯಾಕೆ ತಿದ್ದಿದೆ ಎಂದು ನಾಲ್ಕು ವಾಕ್ಯದಲ್ಲಿ ಬರೆಯುವುದು, ಇದು ಯಾವ ಸೆಮಿಸ್ಟರಿನಲ್ಲೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಬೇಕಾಗುವುದು ಇದೇ. ಹಾಗಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಕ್ಕೆ ಕಳಿಸಿ ಒಪ್ಪಿಗೆಯಾದ ತಿದ್ದುಪಡಿಯನ್ನು ಪ್ರಾಜೆಕ್ಟ್ ಎಂದು ಪರಿಗಣಿಸಬೇಕು. ಸರ್ಕಾರಿ ಇಲಾಖೆಗಳೂ ಯಂತ್ರ ಕೊಳ್ಳುವ ಟೆಂಡರಿನಲ್ಲಿ ಬೆಲೆಯ ಜೊತೆ ‘ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ?’ ಎಂದು ಕೇಳಬೇಕು. ಕೇಳಿದರೆ ಕಂಪನಿಗಳಿಗೆ ಈ ಕೆಲಸಕ್ಕೆ ಜನ ಬೇಕಾಗುತ್ತಾರೆ.

ದುಡ್ಡಿನ ಪ್ರಶ್ನೆಯನ್ನು ತೇಲಿಸಿ ಹೇಳುವುದಿಲ್ಲ. ಕಲಿಯುವಾಗ ಯಾರೂ ಸಂಬಳ ಕೊಡುವುದಿಲ್ಲ. ಮನೆಯಲ್ಲಿ ಸಾಲವಿದ್ದರೆ, ತಿಂಗಳ ಖರ್ಚಿಗೆ ಕೆಲಸ ಬೇಕೇಬೇಕಾದರೆ, ಸಿಕ್ಕ ಕೆಲಸ ಬಿಟ್ಟು ಇದನ್ನು ಹಿಡಿಯಿರಿ ಎಂದು ನಾನು ಹೇಳಲಾರೆ. ಪ್ರಪಂಚದಲ್ಲೇ ಈ ಕೊರತೆ ಇದೆ. ದೀರ್ಘಕಾಲದ ಕರ್ನಲ್ ಆವೃತ್ತಿಗಳಿಗೆ ಆರು ವರ್ಷ ಕೊಡುತ್ತಿದ್ದ ಬೆಂಬಲವನ್ನು ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದ್ದಕ್ಕೆ ಮೇಂಟೇನರ್‌ಗಳ ದಣಿವೂ ಒಂದು ಕಾರಣ. ಆದರೆ ಕೆಲಸವೇ ಇಲ್ಲ ಎನ್ನುವುದು ಸುಳ್ಳು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಬೆಂಗಳೂರಿಗೆ ಚಿಪ್ ಕಂಪನಿಗಳು ಬರುತ್ತಲೇ ಇವೆ, ಚಿಪ್ ಮಾರಬೇಕಾದರೆ ಅದರ ಮೇಲೆ ಲಿನಕ್ಸ್ ಓಡಲೇಬೇಕು. ಮೇಂಟೇನರ್ ಪಟ್ಟಿಯಲ್ಲಿ ವಿನೋದ್ ಕೌಲ್, ವಿರೇಶ್ ಕುಮಾರ್, ಅನೂಪ್ ಪಟೇಲ್ ಅವರಂಥ ಭಾರತೀಯ ಹೆಸರುಗಳಿವೆ. ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳು ರಿಸ್ಕ್-ಫೈವ್ ಜಾತಿಯವು. ದೇಶದ ಚಿಪ್ ಬಂದಿದೆ ಎಂದು ಹೆಮ್ಮೆಪಟ್ಟರೆ ಸಾಲದು, ಇಪ್ಪತ್ತು ವರ್ಷ ಅದರ ಕೋಡ್ ಕಾಯುವವರೂ ಬೇಕು.

ನಮ್ಮ ಊರಿನವರಿಗೆ ಒಂದು ಅನುಕೂಲವೂ ಇದೆ. ಕರ್ನಲ್ ಕೆಲಸ ಇಂದಿಗೂ ನಡೆಯುವುದು ಸಾದಾ ಅಕ್ಷರದ ಇಮೇಲ್‌ನಲ್ಲಿ. ಗಾಳಿ ಮಳೆಗೆ ವಿಡಿಯೊ ಕಾಲ್ ತುಂಡಾದರೂ ಇಮೇಲ್ ಹೋಗುತ್ತದೆ. ಕೋಡನ್ನು ಒಮ್ಮೆ ಸಾಗರದ ಗೆಳತಿಯ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದೆ. ಬೋರ್ಡ್ ಕೊಳ್ಳಲು ದುಡ್ಡಿಲ್ಲವೇ? ಕ್ಯೂಎಮು ಎಂಬ ಉಚಿತ ತಂತ್ರಾಂಶದಲ್ಲಿ ಆರ್ಮ್, ರಿಸ್ಕ್-ಫೈವ್ ಯಂತ್ರಗಳನ್ನು ಹಳೆಯ ಲ್ಯಾಪ್‌ಟಾಪ್‌ನಲ್ಲೇ ಅನುಕರಿಸಬಹುದು. ಸಿ ಭಾಷೆ ಮತ್ತು ಗಿಟ್ ಬರಬೇಕು. ಹೊಸಬರಿಗೆಂದು ಲಿನಕ್ಸ್ ಫೌಂಡೇಶನ್‌ನ ಶುವಾ ಖಾನ್ ನಡೆಸುವ ಮಾರ್ಗದರ್ಶನ ಕಾರ್ಯಕ್ರಮವಿದೆ.

ನನ್ನ ಮೊದಲ ಪ್ಯಾಚ್ ಒಂದು ಹಾರ್ಡ್‌ವೇರ್ ವಿವರಣೆಯ ಕಡತದ ತಿದ್ದುಪಡಿ. ಎರಡು ದಿನಕ್ಕೆ ಉತ್ತರ ಬಂತು, ಅದರಲ್ಲಿ ನಾಲ್ಕು ತಪ್ಪು ತೋರಿಸಿದ್ದರು. ಅಳು ಬಂದಿತ್ತು. ತಿದ್ದಿ ಕಳಿಸಿದೆ, ಮತ್ತೆರಡು ತಪ್ಪು. ಮೂರನೆಯ ಸಲ ಒಪ್ಪಿದರು. ನಾನು ಯಾವ ಊರಿನವಳು, ಎಷ್ಟು ಪರ್ಸೆಂಟೇಜ್ ಎಂದು ಯಾರೂ ಕೇಳಲಿಲ್ಲ.

ಅದನ್ನು ಅಪ್ಪನಿಗೆ ವಿವರಿಸಲು ಹೋದೆ. ಅವರು ಕೊನೆಗಾರನ ಜೊತೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡುತ್ತಿದ್ದರು. ಕೊಳೆರೋಗ ಬರುವ ಮೊದಲೇ ಔಷಧಿ ಹೊಡೆಯಬೇಕು, ಮಳೆಯ ನಡುವೆ ಬಿಡುವು ನೋಡಿ ಮತ್ತೊಮ್ಮೆ ಹೊಡೆಯಬೇಕು. ‘ಅಂದ್ರೆ ರೋಗ ಬರದ ಹಾಗೆ ನೋಡ್ಕೊಳ್ಳೋದು’ ಅಂದರು. ಹೌದು ಅಂದೆ. ‘ಬರದೇ ಇದ್ರೆ ನೀನು ಕೆಲಸ ಮಾಡಿದ್ದು ಯಾರಿಗೂ ಗೊತ್ತಾಗೋದಿಲ್ಲ ಹಾಗಾದ್ರೆ.’ ಅದಕ್ಕೂ ಹೌದು ಅಂದೆ. ಸ್ವಲ್ಪ ಹೊತ್ತು ಕಲಸುತ್ತಲೇ ಇದ್ದು, ‘ದೀಪಾವಳಿವರೆಗೆ ನೋಡು, ಆಮೇಲೆ ಮಾತಾಡುವ’ ಅಂದರು.

ಮುಂದಿನ ವಾರ ಬೆಂಗಳೂರಿನಲ್ಲಿ ಒಂದು ಸಂದರ್ಶನವಿದೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ರೆಸ್ಯೂಮೆಯಲ್ಲಿ ಆ ಒಂದು ತಿದ್ದುಪಡಿಯನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ.